ನೋಡದ ಕಾಡಿಗೂ ನಾವು ಋಣಿಗಳೇ?

ನಮಗೆ ಏನನ್ನೂ ಕೊಡದ, ನಾವು ಎಂದೂ ಕಾಣದ ಒಂದು ವಸ್ತುವಿನ ಬಗ್ಗೆ ನಮಗೆ ಹೊಣೆ ಇರುತ್ತದೆಯೇ? ತಂದೆ ತಾಯಿಯ ಋಣ ನಮಗೆ ಅರ್ಥವಾಗುತ್ತದೆ. ನೆರೆಯವನ ಋಣವೂ ಅರ್ಥವಾಗುತ್ತದೆ. ಆದರೆ ಆರೇಳು ನೂರು ಕಿಲೋಮೀಟರ್ ದೂರದಲ್ಲಿ, ಪಶ್ಚಿಮ ಘಟ್ಟದ ಮಳೆಯಲ್ಲಿ ನೆನೆಯುತ್ತಾ ನಿಂತಿರುವ ಒಂದು ಕಾಡಿಗೂ ಬೀದರಿನ ನೌಬಾದದಲ್ಲಿ ವಾಸಿಸುವ ನಮಗೂ ಎಲ್ಲಿಯ ಸಂಬಂಧ? ಅಲ್ಲಿ ಹುಟ್ಟುವ ತುಂಗೆ, ಭದ್ರೆಯರು ನಮ್ಮೂರಿಗೆ ಬರುವುದಿಲ್ಲ. ಅವು ಕೃಷ್ಣೆಯನ್ನು ಸೇರುವ ನದಿಗಳು. ನಮ್ಮದು ಮಾಂಜ್ರಾ, ಕಾರಂಜಾಗಳ ಸೀಮೆ. ನಮ್ಮ ನೀರು ಗೋದಾವರಿಯ ಪಾಲು. ಆ ಕಾಡು ನಾಳೆ ಇಲ್ಲವಾದರೆ ನೌಬಾದದ ಒಂದು ಕೊಡವೂ ಬರಿದಾಗದು ಎಂದು ಯಾರಾದರೂ ವಾದಿಸಿದರೆ ನಾವು ಏನೆಂದು ಉತ್ತರಿಸಬೇಕು?

ಈ ಪ್ರಶ್ನೆ ಸುಮ್ಮನೆ ಹುಟ್ಟಿದ್ದಲ್ಲ. ಮಳೆಗಾಲ ಮುಗಿಯುತ್ತಿದ್ದ ದಿನಗಳಲ್ಲಿ ಕುದುರೆಮುಖ ಸೀಮೆಗೆ ಪ್ರವಾಸ ಹೋಗಿದ್ದ ನಾವು ಕೆಲವರು ಒಬ್ಬ ಮಾರ್ಗದರ್ಶಿಯ ಹಿಂದೆ ಒಂದು ಇಡೀ ದಿನ ಕಾಡಿನಲ್ಲಿ ನಡೆದೆವು. ನಡೆಯುವಾಗ ಎಲ್ಲರ ಬಾಯಲ್ಲೂ ಒಂದೇ ಮಾತು: ‘ಈ ಕಾಡು ಉಳಿಯಬೇಕು.’ ಏಕೆ ಉಳಿಯಬೇಕು ಎಂದು ಕೇಳಿದಾಗ ಮಾತ್ರ ಒಬ್ಬೊಬ್ಬರದು ಒಂದೊಂದು ಉತ್ತರ.

ಬರದ ಸೀಮೆಯವರ ಕಣ್ಣು ಲೆಕ್ಕ ಹಾಕುವ ಕಣ್ಣು. ಬೀದರಿನಲ್ಲಿ ವರ್ಷಕ್ಕೆ ಸುಮಾರು 850 ಮಿಲಿಮೀಟರ್ ಮಳೆ. ಆಗುಂಬೆಯಲ್ಲಿ 7000 ಮಿಲಿಮೀಟರಿಗೂ ಹೆಚ್ಚು. ನೌಬಾದದ ಕೆಂಪು ಕಲ್ಲಿನ ಕೆಳಗೆ 15ನೇ ಶತಮಾನದ ಬಹಮನಿ ಕಾಲದವರು ಸುರಂಗ ಕೊರೆದು, ಇಳಿಜಾರಿನಲ್ಲಿ ತಾನಾಗಿಯೇ ನೀರು ಹರಿದು ಬರುವಂತೆ ಮಾಡಿದರು. ಇರಾನಿನಿಂದ ಬಂದ ಆ ವಿದ್ಯೆಗೆ ಕಾರೇಜ್ ಎಂದು ಹೆಸರು. ಗಾಳಿ ಬೆಳಕಿಗಾಗಿ, ಹೂಳು ತೆಗೆಯುವುದಕ್ಕಾಗಿ ನಡು ನಡುವೆ ಬಾವಿಗಳು. ಇಂಥ ನೆಲದಲ್ಲಿ ಬೆಳೆದವನಿಗೆ ಮರವೆಂದರೆ ನೆರಳು, ಹುಣಿಸೆಹಣ್ಣು, ಸೌದೆ. ನೀರೆಂದರೆ ಕೊಡಗಳ ಲೆಕ್ಕ. ಇದು ತಪ್ಪಲ್ಲ. ಕೊರತೆಯಲ್ಲಿ ಬದುಕಿದವರು ಲೆಕ್ಕ ಕಲಿಯದೇ ಬೇರೆ ದಾರಿಯಿಲ್ಲ.

ಆದರೆ ಆ ಕಾಡಿನೊಳಗೆ ಈ ಕಣ್ಣು ಕೆಲಸಕ್ಕೆ ಬರಲಿಲ್ಲ. ಅಲ್ಲಿ ನೆರಳು ಬೇಕಾದ್ದಕ್ಕಿಂತ ಹೆಚ್ಚು. ನಡು ಹಗಲಿನಲ್ಲೂ ಮಬ್ಬು. ಮರದ ತುದಿ ಕಾಣಬೇಕಾದರೆ ಕತ್ತು ಹಿಂದಕ್ಕೆ ಬಾಗಿಸಬೇಕು. ಒಂದರ ಮೇಲೊಂದು ಬಳ್ಳಿ, ಬೆತ್ತದ ಮುಳ್ಳು, ಬಿದ್ದ ಮರದ ಮೇಲೆ ಹಾವಸೆ, ಹಾವಸೆಯ ಮೇಲೆ ಇನ್ನೊಂದು ಸಸಿ. ಹೊಳಗೆರೆ ಎಂಬ ಮರವನ್ನು ತೋರಿಸಿ ಮುಟ್ಟಬೇಡಿರೆಂದು ಮಾರ್ಗದರ್ಶಿ ಎಚ್ಚರಿಸಿದ. ಅದರ ಸೊನೆ ತಾಗಿದರೆ ಮೈಯಲ್ಲಿ ಗುಳ್ಳೆ ಏಳುತ್ತದಂತೆ. ಎಲ್ಲೋ ಮೇಲೆ ಸಿಂಗಳೀಕಗಳು ಕೊಂಬೆಯಿಂದ ಕೊಂಬೆಗೆ ಹಾರುತ್ತಿದ್ದವು. ಅವು ನೆಲಕ್ಕೆ ಇಳಿಯುವುದೇ ಅಪರೂಪ. ನಾವು ಬಂದದ್ದಾಗಲಿ ಹೋದದ್ದಾಗಲಿ ಅವುಗಳಿಗೆ ಯಾವ ವಿಷಯವೂ ಆಗಿರಲಿಲ್ಲ. ಆ ದಿನ ನಮ್ಮ ಬಗ್ಗೆ ನಿಜವಾದ ಆಸಕ್ತಿ ತೋರಿದ್ದು ಇಂಬಳಗಳು ಮಾತ್ರ. ಸಾಕ್ಸಿನೊಳಗೆ ನುಸುಳಿ ರಕ್ತ ಹೀರುತ್ತಿದ್ದ ಅವುಗಳನ್ನು ಉಪ್ಪು ಹಾಕಿ ಬಿಡಿಸುತ್ತಾ ನಮ್ಮಲ್ಲೊಬ್ಬರು ನಗುತ್ತಾ ಹೇಳಿದರು: ‘ನಾವು ಕಾಡಿನಿಂದ ಏನು ಲಾಭ ಎಂದು ಲೆಕ್ಕ ಹಾಕುತ್ತಿದ್ದೇವೆ. ಇವು ನಮ್ಮಿಂದ ಏನು ಲಾಭ ಎಂದು ಲೆಕ್ಕ ಹಾಕಿ ಮುಗಿಸಿವೆ.’

ಈ ನಗೆಮಾತಿನಲ್ಲಿ ಒಂದು ಸತ್ಯವಿದೆ. ಕಾಡು ಉಳಿಯಬೇಕು ಎನ್ನುವವರು ಸಾಮಾನ್ಯವಾಗಿ ಎರಡು ಕಾರಣಗಳನ್ನು ಕೊಡುತ್ತಾರೆ. ಅದರಿಂದ ನಮಗೆ ಉಪಯೋಗವಿದೆ ಎಂಬುದು ಒಂದು. ಅದು ಸುಂದರವಾಗಿದೆ ಎಂಬುದು ಇನ್ನೊಂದು. ಎರಡರ ನಡುವೆಯೂ ನಾವೇ ನಿಂತಿದ್ದೇವೆ. ಈ ಕಾರಣಗಳು ಎಷ್ಟು ಭಾರ ಹೊರಬಲ್ಲವು ಎಂದು ನೋಡೋಣ.

ಉಪಯೋಗವೇ ಅಳತೆಗೋಲಾದರೆ ಗಣಿಗಾರಿಕೆಯೂ ಉಪಯೋಗವೇ. ಇದೇ ಕುದುರೆಮುಖದಲ್ಲಿ ಕಬ್ಬಿಣದ ಅದಿರು ತೆಗೆಯಲು 1976ರಲ್ಲಿ ಸರ್ಕಾರಿ ಕಂಪನಿಯೊಂದು ಸ್ಥಾಪನೆಯಾಯಿತು. ಅದಿರನ್ನು ನೀರಿನಲ್ಲಿ ಕಲಸಿ ಕೊಳವೆಯ ಮೂಲಕ ಮಂಗಳೂರಿಗೆ ಇಳಿಸಲಾಗುತ್ತಿತ್ತು. ಸಾವಿರಾರು ಮನೆಗಳಲ್ಲಿ ಒಲೆ ಉರಿಯಿತು, ದೇಶಕ್ಕೆ ವಿದೇಶಿ ವಿನಿಮಯ ಬಂತು. ಭದ್ರೆಗೆ ಹೂಳು ಹರಿಯುತ್ತಿದೆ, ಕಾಡು ಹಾಳಾಗುತ್ತಿದೆ ಎಂಬ ಹೋರಾಟದ ನಂತರ ಸುಪ್ರೀಂ ಕೋರ್ಟ್ 2002ರಲ್ಲಿ ತೀರ್ಪು ಕೊಟ್ಟಿತು. 2005ರ ಕೊನೆಗೆ ಗಣಿ ನಿಂತಿತು. ಆ ತೀರ್ಪನ್ನು ಸಂತೋಷದಿಂದಲೇ ನೆನೆಯೋಣ. ಆದರೆ ಕಾಡಿನ ಭವಿಷ್ಯ ತಕ್ಕಡಿಯ ಮೇಲಷ್ಟೇ ನಿಂತಿದ್ದರೆ, ಇನ್ನೊಂದು ದಿನ ಇನ್ನೊಂದು ಬೆಲೆಗೆ ತಕ್ಕಡಿ ಇನ್ನೊಂದು ಕಡೆಗೆ ವಾಲಬಹುದಲ್ಲವೇ?

ಉಪಯೋಗ ಮುಗಿದ ಮೇಲೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. ನೌಬಾದದ ಕಾರೇಜನ್ನೇ ನೋಡಿ. ನೀರಿಗೆ ಬೇರೆ ದಾರಿಗಳು ಬಂದಂತೆ ಜನ ಅದನ್ನು ಮರೆತರು. ಬಾವಿಗಳಲ್ಲಿ ಹೂಳು ತುಂಬಿತು, ಕಸ ಬಿತ್ತು. 2010ರ ದಶಕದ ಮಧ್ಯದಲ್ಲಿ ಜಿಲ್ಲಾಡಳಿತ ಮತ್ತು ಆಸಕ್ತರು ಹೂಳೆತ್ತಿಸುವವರೆಗೆ, ಕಾಲ ಕೆಳಗೆ ಇಂಥದ್ದೊಂದು ಇದೆ ಎಂಬುದೇ ಎಷ್ಟೋ ಮಂದಿಗೆ ತಿಳಿದಿರಲಿಲ್ಲ. ಬಳಕೆಗಾಗಿ ಮಾತ್ರ ಪ್ರೀತಿಸಿದ್ದನ್ನು ಬಳಕೆ ತಪ್ಪಿದ ದಿನ ನಾವು ಕೈಬಿಡುತ್ತೇವೆ.

ಇನ್ನು ಸೌಂದರ್ಯ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರ ಪರ್ವತಕ್ಕೆ ಸಾವಿರಾರು ಮಂದಿ ನುಗ್ಗಿದ ದೃಶ್ಯ ರಾಜ್ಯದ ಮನೆ ಮನೆ ತಲುಪಿತು. ಬಸ್ ನಿಲ್ದಾಣದಂತೆ ಸಾಲುಗಟ್ಟಿ ನಿಂತ ಅವರೆಲ್ಲ ಕಾಡನ್ನು ದ್ವೇಷಿಸುವವರಲ್ಲ, ಅದರ ಚೆಲುವಿಗೆ ಮನಸೋತವರೇ. ಆಗ ಅರಣ್ಯ ಸಚಿವರಾಗಿದ್ದವರು ನಮ್ಮ ಭಾಲ್ಕಿಯ ಈಶ್ವರ ಖಂಡ್ರೆ. ಆನ್‌ಲೈನ್ ಬುಕಿಂಗ್ ವ್ಯವಸ್ಥೆ ಇಲ್ಲದ ಕಡೆ ಚಾರಣವನ್ನು ಅವರು ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. ಚೆಲುವಿನ ಆಕರ್ಷಣೆಗೆ ಮಿತಿ ಇಲ್ಲದಿದ್ದರೆ ಅದೂ ತುಳಿಯುತ್ತದೆ ಎಂಬುದು ಇದರ ಪಾಠ. ಇನ್ನೊಂದು ಮಾತು: ಸುಂದರವಾದುದಕ್ಕಷ್ಟೇ ಉಳಿಯುವ ಹಕ್ಕಿದ್ದರೆ ಇಂಬಳಕ್ಕೆ ಯಾರು ದಿಕ್ಕು? ನಮ್ಮ ಬೀದರಿನ ಕುರುಚಲು ಬಯಲಿಗೆ ಯಾರು ದಿಕ್ಕು? ಕೃಷ್ಣಮೃಗಗಳು ಮೇಯುವ ಆ ಹುಲ್ಲು ನೆಲವನ್ನು ನಾವು ‘ಬಂಜರು’ ಎಂದು ಕರೆದು ಸುಮ್ಮನಾಗಿಲ್ಲವೇ?

ಹಾಗಾದರೆ ಯಾರೂ ಕಾಡನ್ನು ಮುಟ್ಟಲೇಬಾರದು ಎನ್ನೋಣವೇ? ಇಲ್ಲಿ ಇನ್ನೊಂದು ಅನ್ಯಾಯ ಬಾಗಿಲಲ್ಲಿ ಕಾದು ನಿಂತಿದೆ. ಕುದುರೆಮುಖದ ಕಾಡು ನಿರ್ಜನ ಕಾಡಲ್ಲ. 1987ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಗುವುದಕ್ಕೆ ಮುಂಚಿನಿಂದಲೂ ಮಲೆಕುಡಿಯರೂ ಇತರರೂ ಅಲ್ಲಿ ಬದುಕಿದ್ದಾರೆ. ಜೇನು, ಬೆತ್ತ, ಕಾಡುತ್ಪತ್ತಿ ಅವರ ಹೊಟ್ಟೆಪಾಡು. ಅವರಂಥವರ ಹಕ್ಕನ್ನು ಗುರುತಿಸಲು 2006ರಲ್ಲಿ ಅರಣ್ಯ ಹಕ್ಕು ಕಾಯ್ದೆಯೇ ಬರಬೇಕಾಯಿತು. ಒಂದು ದಿನಕ್ಕೆ ಶುಲ್ಕ ಕಟ್ಟಿ ಬಂದ ನಾವು ‘ಇಲ್ಲಿ ಒಂದು ಎಲೆಯನ್ನೂ ಕೀಳಬಾರದು’ ಎನ್ನುವುದು ಬಹಳ ಸುಲಭ. ಆ ಎಲೆ ಕೀಳದಿದ್ದರೆ ನಮ್ಮ ಮನೆಯಲ್ಲಿ ಯಾವ ಒಲೆಯೂ ಆರುವುದಿಲ್ಲ. ತಾನು ಬೆಲೆ ತೆರದೆ ಇನ್ನೊಬ್ಬನಿಂದ ಬೆಲೆ ಕೇಳುವುದು ನೀತಿಯಲ್ಲ. ಕಾಡಿನಲ್ಲಿರುವವನು ತಾನು ಮಾಡಿದ್ದರ ಫಲವನ್ನು ತಾನೇ ಉಣ್ಣುತ್ತಾನೆ. ತೊರೆ ಬತ್ತಿದರೆ ಮೊದಲು ಬಾಯಾರುವವನು ಅವನೇ. ಪ್ರವಾಸಿಗೆ ಹಾಗಲ್ಲ. ಸಂಜೆ ಬಸ್ಸು ಹತ್ತಿದರೆ ಅವನ ಕಥೆ ಮುಗಿಯಿತು. ಆದ್ದರಿಂದಲೇ ನಿಯಮದ ಭಾರ ಅಲ್ಲಿರುವವನಿಗಿಂತ ಬಂದು ಹೋಗುವವನ ಮೇಲೆ ಹೆಚ್ಚಿರಬೇಕು ಎಂಬುದು ನಮ್ಮ ಅಭಿಪ್ರಾಯ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಕೊಡದವರಿಗೂ ನಾವು ಋಣಿಗಳೇ? ಋಣವೆಂಬ ಮಾತನ್ನು ನಾವು ಕೊಟ್ಟು ತೆಗೆದುಕೊಳ್ಳುವ ವ್ಯವಹಾರಕ್ಕೆ ಕಟ್ಟಿಹಾಕಿದ್ದೇವೆ. ಆದರೆ ಬೀದಿಯಲ್ಲಿ ಮಲಗಿದ ಮಗುವಿನ ಮೇಲೆ ಗಾಡಿ ಹಾಯಿಸಬಾರದೆಂಬುದು ಆ ಮಗು ನಮಗೆ ಏನೋ ಕೊಟ್ಟಿದೆಯೆಂದು ಅಲ್ಲ. ಗಾಡಿ ನಮ್ಮ ಕೈಯಲ್ಲಿದೆ, ಅಷ್ಟೇ. ಅದರ ಪ್ರಾಣ ನಮ್ಮ ಎಚ್ಚರದ ಮೇಲೆ ನಿಂತಿರುವಾಗ ಆ ಎಚ್ಚರವೇ ನಮ್ಮ ಹೊಣೆ. ಪಶ್ಚಿಮ ಘಟ್ಟದ ಕಾಡಿನ ಸ್ಥಿತಿಯೂ ಇದೇ. ಆ ಕಾಡಿನ ಸಂಪತ್ತು ಬಹುಪಾಲು ಮಣ್ಣಿನಲ್ಲಿಲ್ಲ, ಬದುಕಿರುವ ಮರಗಳಲ್ಲೇ ಇದೆ. ಬಿದ್ದ ಎಲೆ ಬೇಗ ಕೊಳೆತು ಮತ್ತೆ ಬೇರಿಗೆ ಸೇರುತ್ತದೆ. ಮರ ಹೋದರೆ ಆ ಮಳೆ ಮಣ್ಣನ್ನೂ ತೊಳೆದೊಯ್ಯುತ್ತದೆ. ಕಡಿಯಲು ಯಂತ್ರಕ್ಕೆ ಒಂದು ದಿನ ಸಾಕು. ಮರಳಿ ಬೆಳೆಯುವುದನ್ನು ನೋಡಲು ನಮ್ಮ ಮೊಮ್ಮಕ್ಕಳ ಆಯುಷ್ಯವೂ ಸಾಲದು. ಕಾಡಿಗೆ ನಮ್ಮ ಮೇಲೆ ಯಾವ ಬಲವೂ ಇಲ್ಲ, ನಮಗೆ ಅದರ ಮೇಲೆ ಎಲ್ಲ ಬಲವೂ ಇದೆ. ಹೊಣೆ ಹುಟ್ಟುವುದು ಈ ಬಲದಿಂದ, ಪಡೆದ ಲಾಭದಿಂದಲ್ಲ.

ಆ ಬಲ ನೌಬಾದದಲ್ಲಿ ಕುಳಿತ ನಮಗೆ ಎಲ್ಲಿಂದ ಬಂತು ಎಂದು ಕೇಳಬಹುದು. ನಮ್ಮ ಮನೆಯ ಕಬ್ಬಿಣ, ಕಾಫಿ, ಕಾಳುಮೆಣಸು, ಬಾಗಿಲಿನ ಹಲಗೆ ಎಲ್ಲಿಂದ ಬರುತ್ತವೆ? ನಾವು ಹಾಕುವ ಮತ ಯಾವ ಯೋಜನೆಗೆ ಒಪ್ಪಿಗೆ ಕೊಡುತ್ತದೆ? ನಮ್ಮ ಕೈ ನಾವು ಕಂಡದ್ದಕ್ಕಿಂತ ಉದ್ದವಿದೆ. ಅಷ್ಟೇ ಅಲ್ಲ. ನೌಬಾದದ ಕೆಂಪು ಕಲ್ಲೇ ಹೇಳುವ ಒಂದು ಮಾತಿದೆ. ಈ ಜಂಬಿಟ್ಟಿಗೆ ಹುಟ್ಟುವುದು ಬಿಸಿಲೂ ಮಳೆಯೂ ಧಾರಾಳವಾಗಿರುವ ಹವೆಯಲ್ಲಿ, ಕಪ್ಪುಕಲ್ಲು ಲಕ್ಷಾಂತರ ವರ್ಷ ಕರಗಿ ತೊಳೆದುಹೋಗಿ ಕಬ್ಬಿಣದ ಅಂಶ ಉಳಿದಾಗ. ಅಂದರೆ ನಮ್ಮ ಒಣ ದಿಣ್ಣೆಯೂ ಒಂದಾನೊಂದು ಕಾಲಕ್ಕೆ ಧಾರಾಕಾರ ಮಳೆ ಕಂಡ ನೆಲ. ಮನುಷ್ಯ ಹುಟ್ಟುವ ಎಷ್ಟೋ ಮುಂಚೆ ಆ ಮಳೆ ಯಾರ ಉಪಯೋಗಕ್ಕೂ ಕಾಯದೆ, ಯಾರ ಮೆಚ್ಚುಗೆಗೂ ಕಾಯದೆ ಸುರಿಯಿತು. ಜಗತ್ತು ನಮ್ಮಿಂದ ಶುರುವಾಗಲಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

ಕಾಡಿಗೆ ಹೋಗಬೇಡಿ ಎಂದು ನಾವು ಹೇಳುತ್ತಿಲ್ಲ. ಹೋಗುವವರು ಅನುಮತಿ ಪಡೆದು, ಮಿತಿಯೊಳಗೆ, ಸ್ಥಳೀಯ ಮಾರ್ಗದರ್ಶಿಯ ಮಾತು ಕೇಳುತ್ತಾ ಹೋಗಲಿ. ಅಲ್ಲಿ ವಾಸಿಸುವವರ ಮನೆಯ ಮುಂದೆ ಅತಿಥಿಯಂತೆ ನಡೆಯಲಿ, ಒಡೆಯನಂತಲ್ಲ. ಕೊಂಡೊಯ್ದ ಪ್ಲಾಸ್ಟಿಕ್ಕನ್ನು ಮರಳಿ ತರಲಿ. ಜನ ತುಂಬಿದ್ದಾರೆಂದು ತಿಳಿದಾಗ ಹೋಗದೆ ಇರುವುದೂ ಒಂದು ಗೌರವವೇ. ಔರಾದದ ಯಾವುದೋ ಹಳ್ಳಿಯ ಹುಡುಗಿ ತನ್ನ ಜೀವಮಾನದಲ್ಲಿ ಒಮ್ಮೆಯೂ ಪಶ್ಚಿಮ ಘಟ್ಟವನ್ನು ನೋಡದಿರಬಹುದು. ಅವಳು ನೋಡಲಿಲ್ಲವೆಂದು ಆ ಕಾಡಿನ ಬದುಕುವ ಹಕ್ಕು ಒಂದು ಎಳೆಯಷ್ಟೂ ಕಡಿಮೆಯಾಗುವುದಿಲ್ಲ. ಇದನ್ನು ಅವಳಿಗೆ ಶಾಲೆಯಲ್ಲಿ ಹೇಳಿಕೊಟ್ಟರೆ ಪ್ರವಾಸ ಕರೆದೊಯ್ದಷ್ಟೇ ಪ್ರಯೋಜನವಾದೀತು.