ಸಹಿ ಹಾಕಿದ ಕೈ, ಆತ್ಮಸಾಕ್ಷಿಯ ಮಾತು

1969ರಲ್ಲಿ ಕಾಂಗ್ರೆಸ್ ಒಡೆಯುವ ಮುನ್ನ, ಪಕ್ಷದ ಅಧ್ಯಕ್ಷರಾಗಿದ್ದ ಎಸ್. ನಿಜಲಿಂಗಪ್ಪ ಪ್ರಧಾನಿ ಇಂದಿರಾ ಗಾಂಧಿಯವರಿಗೆ ಬಹಿರಂಗ ಪತ್ರ ಬರೆದರು. ಪಕ್ಷನಿಷ್ಠೆ, ದೇಶನಿಷ್ಠೆ ಎರಡನ್ನೂ ನೀವು ನಿಮ್ಮ ಮೇಲಿನ ನಿಷ್ಠೆಯಿಂದಲೇ ಅಳೆಯುತ್ತಿದ್ದೀರಿ ಎಂಬುದು ಅದರ ದೂರು. ಜಗಳ ಬಲಿತದ್ದು ರಾಷ್ಟ್ರಪತಿ ಸ್ಥಾನದ ಸಲುವಾಗಿ. ಮೇ 3ರಂದು ಜಾಕಿರ್ ಹುಸೇನ್ ತೀರಿಕೊಂಡಿದ್ದರು. ಜುಲೈನಲ್ಲಿ ಬೆಂಗಳೂರಿನಲ್ಲಿ ಸೇರಿದ ಪಕ್ಷದ ಸಂಸದೀಯ ಮಂಡಳಿ, ಇಂದಿರಾ ಬೇಡವೆಂದರೂ, ನೀಲಂ ಸಂಜೀವ ರೆಡ್ಡಿಯವರನ್ನು ಬಹುಮತದಿಂದ ಆರಿಸಿತು. ಇಂದಿರಾ ರೆಡ್ಡಿಯವರ ನಾಮಪತ್ರಕ್ಕೆ ಸಹಿಯನ್ನೂ ಹಾಕಿದರು. ಆಮೇಲೆ ವಿಪ್ ಹೊರಡಿಸಲು ಒಪ್ಪದೆ, ಆತ್ಮಸಾಕ್ಷಿಯಂತೆ ಮತ ಹಾಕಿ ಎಂದರು. ಹಿಂದೆ ಮೈಸೂರಿನ ರಾಜ್ಯಪಾಲರಾಗಿದ್ದ ವಿ.ವಿ. ಗಿರಿ ಪಕ್ಷೇತರರಾಗಿ ನಿಂತು, ಎರಡನೇ ಪ್ರಾಶಸ್ತ್ಯದ ಮತಗಳೂ ಸೇರಿ 4,20,077 ಮತಮೌಲ್ಯ ಪಡೆದು ಗೆದ್ದರು, ರೆಡ್ಡಿಯವರದು 4,05,427.

ಹಾಕಿದ ಸಹಿಯ ಋಣದಿಂದ ಆತ್ಮಸಾಕ್ಷಿ ಬಿಡುಗಡೆ ಕೊಡಬಲ್ಲದೆ? ಕೊಡಬಲ್ಲದು, ಆದರೆ ಹಾಗೆ ಕೇಳುವವರು ಅದಕ್ಕಾಗಿ ಏನಾದರೂ ಕಳೆದುಕೊಳ್ಳಲು ಸಿದ್ಧರಿರಬೇಕು. ರಾಮಕೃಷ್ಣ ಪರಮಹಂಸರು ಮನಸ್ಸು ಮಾತು ಒಂದಾಗುವುದನ್ನೇ ಸಾಧನೆ ಎಂದವರು. ಬಹಿರ್ದೆಸೆಗೆ ಹೋಗುತ್ತೇನೆಂದು ಬಾಯಿತಪ್ಪಿ ಹೇಳಿಬಿಟ್ಟರೆ, ಅಗತ್ಯವಿಲ್ಲದಿದ್ದರೂ ಚೊಂಬು ಹಿಡಿದು ಹೊರಡುತ್ತಿದ್ದರಂತೆ. ಅತಿಯೆನಿಸಬಹುದು. ಆದರೆ ಅಲ್ಲಿ ಮಾತಿನ ಬೆಲೆ ತೆರುವವರು ಆಡಿದವರೇ.

1969ರ ಕರೆ ಹೊರಟದ್ದು ಖಾತೆ ಹಂಚುವ ಕುರ್ಚಿಯಿಂದ. ಕೆಲವೇ ವಾರಗಳ ಹಿಂದೆ, ಜುಲೈ 16ರಂದು, ಮೊರಾರ್ಜಿ ದೇಸಾಯಿಯವರಿಂದ ಹಣಕಾಸು ಖಾತೆ ಕಿತ್ತುಕೊಂಡದ್ದನ್ನು ಸಂಸದರೆಲ್ಲ ಕಂಡಿದ್ದರು. ಅಂಥ ಕುರ್ಚಿಯೇ ನಿಮ್ಮ ಒಳದನಿ ಕೇಳಿ ಎಂದಾಗ, ಒಳಗಿನಿಂದ ಬಂದದ್ದು ಸಾಕ್ಷಿಯೋ ಮಂತ್ರಿಗಿರಿಯ ಆಸೆಯೋ ಎಂದು ಪ್ರಾಮಾಣಿಕ ಸಂಸದನಿಗೂ ತಿಳಿಯುವುದು ಕಷ್ಟ. ನಿಜಲಿಂಗಪ್ಪನವರ ದೂರಿನ ತಿರುಳು ಇದೇ ಎಂದು ನನ್ನ ಅಭಿಪ್ರಾಯ, ಅವರು ಅದನ್ನು ಇಷ್ಟು ದೂರ ಎಳೆಯಲಿಲ್ಲವಾದರೂ.

ರಾಷ್ಟ್ರಪತಿ ಚುನಾವಣೆ ಗುಪ್ತ ಮತದಾನ, ಅಲ್ಲಿ ಸ್ವಾತಂತ್ರ್ಯ ಇರಲೇಬೇಕು ಎನ್ನುವವರಿದ್ದಾರೆ. ಮತದಾರನ ಮಟ್ಟಿಗೆ ಅದು ಸರಿ. ಸಹಿ ಹಾಕಿದವರ ಹೊಣೆ ಬೇರೆ: ಮನಸ್ಸು ಬದಲಾಗಿದ್ದರೆ ಅದನ್ನು ಮತದಾನಕ್ಕೆ ಮೊದಲೇ ಬಾಯಿಬಿಟ್ಟು ಹೇಳಿ, ಪದವಿಯನ್ನು ಪಣಕ್ಕಿಡಬಹುದಿತ್ತು. ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣ ಕೊನೆಗೆ ಕಲ್ಯಾಣವನ್ನೇ ಬಿಟ್ಟು ಹೋದರೆಂಬ ಪರಂಪರೆಯ ನೆನಪಿನಲ್ಲಿ ಆ ದಾರಿ ನಮಗೆ ಹೊಸದೇನಲ್ಲ.

ಎರಡನೇ ಆಕ್ಷೇಪ ಇನ್ನೂ ಗಟ್ಟಿ: ನಿಜಲಿಂಗಪ್ಪ ತಾವೇ ಜನಸಂಘ, ಸ್ವತಂತ್ರ ಪಕ್ಷಗಳ ಬಳಿ ಎರಡನೇ ಪ್ರಾಶಸ್ತ್ಯದ ಮತ ಕೇಳಿದ್ದರು, ಪ್ರಧಾನಿಯ ಕೈ ಕಟ್ಟಲೆಂದೇ ಅವರ ಬಳಗ ರೆಡ್ಡಿಯವರನ್ನು ಹುಡುಕಿತ್ತು. ಇದನ್ನು ಅಲ್ಲಗಳೆಯಲಾರೆ. ದೂರುದಾರನ ಸ್ವಾರ್ಥ ದೂರನ್ನು ಸುಳ್ಳು ಮಾಡುವುದಿಲ್ಲ, ಅಷ್ಟೇ. ಪತ್ರಕ್ಕೆ ತಾತ್ವಿಕ ಬಲವಿದೆ, ಬರೆದವರ ಪರವಾಗಿ ನೈತಿಕ ಬಲ ಅಷ್ಟಿಲ್ಲ.

1971ರಲ್ಲಿ ಜನ ಇಂದಿರಾ ಅವರಿಗೇ ಭಾರಿ ಬಹುಮತ ಕೊಟ್ಟರಲ್ಲ, ಅದೇ ತೀರ್ಪಲ್ಲವೆ ಎಂಬ ವಾದವೂ ಇದೆ. ಗೆಲುವೇ ಸಾಕ್ಷಿಯಾದರೆ 1977ನ್ನೂ ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ: ಆ ಜುಲೈನಲ್ಲಿ, ಹಂಗಾಮಿ ರಾಷ್ಟ್ರಪತಿಯಾಗಿದ್ದ ಜಮಖಂಡಿಯ ಬಿ.ಡಿ. ಜತ್ತಿಯವರ ನಂತರ, ಅದೇ ಸಂಜೀವ ರೆಡ್ಡಿ ಅವಿರೋಧವಾಗಿ ಆಯ್ಕೆಯಾದರು.