ನಡೀತದ ಬಿಡಣ್ಣಾ

ನಮ್ಮ ಕಡೆ ಟಂಟಂ ಅಂದರೆ ಬೆಂಗಳೂರಿನ ಗೆಳೆಯರಿಗೆ ಬೇಗ ಅರ್ಥ ಆಗುವುದಿಲ್ಲ. ಆಟೋದ ದೊಡ್ಡಣ್ಣ ಅಂದುಕೊಳ್ಳಿ. ಮುಂದೆ ಒಂದು ಚಕ್ರ, ಹಿಂದೆ ಎರಡು. ಒಳಗೆ ಎಷ್ಟು ಜನ ಹಿಡಿಯುತ್ತಾರೆ ಅನ್ನುವುದು ಆರ್‌ಸಿ ಪುಸ್ತಕದಲ್ಲಿ ಒಂದು ಥರ ಇರುತ್ತದೆ, ಸಂತೆಯ ದಿನ ಇನ್ನೊಂದು ಥರ. ಡ್ರೈವರ್ ಸೀಟಿನಲ್ಲಿ ಕೂತು ನೋಡಿದರೆ ಅದು ಮೂರು ಚಕ್ರದ ಮೋಟಾರ್ ಸೈಕಲ್ಲೇ. ಸ್ಟೇರಿಂಗ್ ಇಲ್ಲ, ಹ್ಯಾಂಡಲ್ ಇದೆ. ಬಲಗೈಯಲ್ಲಿ ಆಕ್ಸಿಲರೇಟರ್, ಎಡಗೈಯಲ್ಲಿ ಕ್ಲಚ್ಚು ಗೇರು, ಬಲಗಾಲಿನ ಕೆಳಗೆ ಬ್ರೇಕು. ನಮ್ಮಜ್ಜಿ ಬೈಕಿಗೂ ಇದಕ್ಕೂ ಒಂದೇ ಹೆಸರು ಇಟ್ಟಿದ್ದಳು, ಫಟಫಟಿ.

ನನ್ನ ಕಾಕಾನ ಮಗ ಇಂಥದ್ದೊಂದು ಹೊಸ ಗಾಡಿ ತಗೊಂಡ. ಮುಂಗಡದ ಹಣದಲ್ಲಿ ಅರ್ಧ ನನ್ನದು, ಉಳಿದದ್ದು ಸಾಲ. ಹುಮನಾಬಾದಿನಲ್ಲಿ ವೀರಭದ್ರೇಶ್ವರನ ಗುಡಿ ಮುಂದೆ ನಿಲ್ಲಿಸಿ ಪೂಜೆ ಮಾಡಿಸಿ, ನಿಂಬೆಹಣ್ಣಿನ ಮೇಲೆ ಚಕ್ರ ಹಾಯಿಸಿ ಮನೆಗೆ ತಂದೆವು. ಮರುದಿನದಿಂದ ಅವನ ಲೈನು ಶುರು. ಪುಣೆ-ಹೈದರಾಬಾದ್ ಹೆದ್ದಾರಿ ಬಸವಕಲ್ಯಾಣ ಊರೊಳಗೆ ಹೋಗುವುದಿಲ್ಲ. ದೂರದ ಬಸ್ಸುಗಳು ಎಷ್ಟೋ ಸಲ ಸಸ್ತಾಪುರ ಬಂಗ್ಲಾದಲ್ಲೇ ಇಳಿಸಿ ಮುಂದೆ ಹೋಗಿಬಿಡುತ್ತವೆ. ಅಲ್ಲಿಂದ ಊರಿಗೆ ಜನರನ್ನು ಕರೆದೊಯ್ಯುವುದು ಅವನ ಕೆಲಸ. ಜಾತ್ರೆಯ ದಿನಗಳಲ್ಲಿ ಹುಮನಾಬಾದಿನ ಕಡೆ ಟ್ರಿಪ್ಪು ಹೊಡೆಯುತ್ತಾನೆ.

ಮೂರು ತಿಂಗಳು ಬಿಟ್ಟು ರಜೆಗೆ ಹೋದಾಗ ಅವನ ಪಕ್ಕ ಕೂತು ಒಂದು ದಿನ ಪೂರ್ತಿ ತಿರುಗಿದೆ. ಹೊಸ ಗಾಡಿ, ಆದರೆ ಐಬುಗಳ ಪಟ್ಟಿ ಉದ್ದ ಇತ್ತು. ಮುಂಜಾನೆ ಸ್ಟಾರ್ಟ್ ಆಗಲು ಹಟ ಮಾಡುತ್ತದೆ. ಎರಡನೇ ಗೇರು ತಾನೇ ನ್ಯೂಟ್ರಲ್ಲಿಗೆ ಜಾರುತ್ತದೆ. ಮಳೆ ಬಂದರೆ ಮುಂದಿನ ಗಾಜಿನ ಮೂಲೆಯಿಂದ ನೀರು ಸೋರಿ ಸರಿಯಾಗಿ ಡ್ರೈವರ್‌ನ ಮೊಣಕಾಲ ಮೇಲೆ ಬೀಳುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು ಬ್ರೇಕು. ಜೋರಾಗಿ ಒತ್ತಿದರೆ ಗಾಡಿ ಬಲಕ್ಕೆ ಎಳೆಯುತ್ತಿತ್ತು.

ಪ್ರತಿಯೊಂದಕ್ಕೂ ಅವನ ಹತ್ತಿರ ಒಂದು ಉಪಾಯ ಇತ್ತು. ಗೇರು ಜಾರದಂತೆ ಹ್ಯಾಂಡಲ್ಲಿಗೆ ಹಳೇ ಟ್ಯೂಬಿನ ರಬ್ಬರ್ ಪಟ್ಟಿ ಬಿಗಿದಿದ್ದ. ಬ್ರೇಕು ಹಾಕುವ ಮೊದಲೇ ಗೇರು ಇಳಿಸಿ ವೇಗ ಕಡಿಮೆ ಮಾಡುತ್ತಿದ್ದ, ಆಮೇಲೆ ಹ್ಯಾಂಡಲ್ ಒಂದು ಬೆರಳಿನಷ್ಟು ಎಡಕ್ಕೆ ಹಿಡಿದು ಮೆಲ್ಲಗೆ ಒತ್ತುತ್ತಿದ್ದ. ನೋಡುವವರಿಗೆ ಗೊತ್ತೇ ಆಗುತ್ತಿರಲಿಲ್ಲ.

"ಶೋರೂಮಿಗೆ ಒಯ್ದು ತೋರಿಸಿದ್ಯೇನೋ?" ಅಂದೆ.

"ಫ್ರೀ ಸರ್ವೀಸ್‌ನಾಗ ಹೇಳೀನಿ. ಹೊಸಾ ಗಾಡಿ ಹಾಂಗೇ ಇರ್ತದ, ಓಡಿಸ್ತಾ ಓಡಿಸ್ತಾ ಸೆಟ್ ಆಗ್ತದ ಅಂದ್ರು. ಮತ್ತ ಒಯ್ದ್ರ ಎರಡು ದಿನ ಇಟ್ಕೋತಾರ. ಎರಡು ದಿನದ ದುಡಿಮಿ ಯಾರ್ ಕೊಡ್ತಾರ? ಕಂತು ನಿಲ್ಲಂಗಿಲ್ಲ. ನನಗ ರೂಢಿ ಆಗ್ಯಾದ. ನಡೀತದ ಬಿಡಣ್ಣಾ."

ನಾನು ನಕ್ಕೆ. ಬೆಂಗಳೂರಿಗೆ ವಾಪಸ್ ಬಂದು ಆಫೀಸಿನ ಊಟದ ಟೇಬಲ್ಲಿನಲ್ಲಿ ಈ ಕಥೆಯನ್ನು ಹೆಮ್ಮೆಯಿಂದ ಹೇಳಿಕೊಂಡೆ. ನಮ್ಮ ತಮ್ಮ ನೋಡ್ರಪ್ಪಾ, ಬಿಇ ಓದಿಲ್ಲ, ಆದರೆ ಎಂಥಾ ವರ್ಕ್‌ಅರೌಂಡ್ ಕಂಡುಹಿಡಿದಾನ! ಎಲ್ಲರೂ ತಲೆದೂಗಿದರು. ಈ ಲೇಖನ ಬರೆಯಲು ಕಾರಣ ಆ ಹೆಮ್ಮೆಯೇ.

ಎರಡು ತಿಂಗಳ ನಂತರ ತಮ್ಮನಿಗೆ ಜ್ವರ ಬಂತು. ಗಾಡಿ ನಿಂತರೆ ಕಂತು ನಿಲ್ಲುವುದಿಲ್ಲವಲ್ಲ, ಗೆಳೆಯನಿಗೆ ಬೀಗದ ಕೈ ಕೊಟ್ಟ. ಆ ಹುಡುಗನಿಗೆ ಲೈಸೆನ್ಸ್ ಇತ್ತು, ಅನುಭವವೂ ಇತ್ತು. ಬಂಗ್ಲಾದಿಂದ ಊರ ಕಡೆ ಬರುವಾಗ ಒಂದು ಬೈಕು ಅಡ್ಡ ಬಂತು. ಯಾವ ಡ್ರೈವರ್ ಆದರೂ ಮಾಡುವುದನ್ನೇ ಅವನೂ ಮಾಡಿದ, ಪೂರ್ತಿ ಬಲ ಹಾಕಿ ಬ್ರೇಕ್ ಒತ್ತಿದ. ಗಾಡಿ ಬಲಕ್ಕೆ ತಿರುಚಿಕೊಂಡಿತು, ಬಲಗಡೆಯ ಹಿಂದಿನ ಚಕ್ರ ನೆಲ ಬಿಟ್ಟಿತು, ಟಂಟಂ ಎಡಮಗ್ಗುಲಿಗೆ ಮಲಗಿತು. ವೇಗ ಕಡಿಮೆ ಇದ್ದದ್ದರಿಂದ ದೊಡ್ಡ ಅನಾಹುತ ಆಗಲಿಲ್ಲ. ಆದರೆ ಎಡಗಡೆ ಕೂತಿದ್ದ ಒಬ್ಬ ಮುದುಕಿಯ ಮುಂಗೈ ಮುರಿಯಿತು. ಸಂತೆ ಮುಗಿಸಿ ಮನೆಗೆ ಹೊರಟಿದ್ದವಳು.

ಫೋನಿನಲ್ಲಿ ತಮ್ಮ ಅಳುತ್ತಿದ್ದ. "ನಾ ಇದ್ದಿದ್ರ ಆಗ್ತಿದ್ದಿಲ್ಲಣ್ಣಾ." ಆ ಮಾತು ಖರೇ ಇತ್ತು. ಅದರಲ್ಲೇ ತಪ್ಪೂ ಇತ್ತು. ಅವನ ಉಪಾಯ ಅವನ ಕೈಯಲ್ಲಿತ್ತು, ದೋಷ ಮಾತ್ರ ಗಾಡಿಯಲ್ಲೇ ಉಳಿದಿತ್ತು. ಬೀಗದ ಕೈ ಕೊಡುವಾಗ ಗಾಡಿ ಹೋಯಿತು, ಬೆರಳಿನಷ್ಟು ಎಡಕ್ಕೆ ಹಿಡಿಯುವ ಕೈ ಮನೆಯಲ್ಲೇ ಜ್ವರ ಹಿಡಿದು ಮಲಗಿತ್ತು. ಅವನು ಅಷ್ಟು ಚೆನ್ನಾಗಿ ಸಂಭಾಳಿಸದೇ ಇದ್ದಿದ್ದರೆ ಆ ದೋಷ ಮೊದಲ ವಾರದಲ್ಲೇ ಎಲ್ಲರಿಗೂ ಕಾಣುತ್ತಿತ್ತು.

ಹಾಗಾದರೆ ಪ್ರಶ್ನೆ ಇದು. ಒಂದು ವಸ್ತುವಿನ ಐಬಿನ ಜೊತೆ ಹೊಂದಿಕೊಂಡು ಬದುಕುವುದು ಯಾವಾಗ ಸದ್ಗುಣ, ಯಾವಾಗ ಅಪರಾಧ?

ಮೊದಲು ಒಂದು ವ್ಯತ್ಯಾಸ ಮಾಡಿಕೊಳ್ಳಬೇಕು. ಪ್ರತಿ ವಸ್ತುವಿಗೂ ಒಂದು ಗುಣ ಇರುತ್ತದೆ, ಕೆಲವಕ್ಕೆ ಅದರ ಮೇಲೆ ದೋಷವೂ ಇರುತ್ತದೆ. ಮೂರು ಚಕ್ರದ ಗಾಡಿ ನೆಲವನ್ನು ಮುಟ್ಟುವ ಮೂರು ಬಿಂದು ಸೇರಿಸಿದರೆ ತ್ರಿಕೋನ ಆಗುತ್ತದೆ. ಭಾರ ಆ ತ್ರಿಕೋನದ ಒಳಗೆ ಇರುವ ತನಕ ಗಾಡಿ ನಿಲ್ಲುತ್ತದೆ. ತಿರುವಿನಲ್ಲಿ ಬ್ರೇಕ್ ಹಾಕಿದರೆ ಭಾರ ಮುಂದಕ್ಕೂ ಹೊರಗೂ ಸರಿಯುತ್ತದೆ. ಮುಂದೆ ಒಂದೇ ಚಕ್ರ ಇರುವುದರಿಂದ ತ್ರಿಕೋನ ಅಲ್ಲೇ ಕಿರಿದು. ಇಂಗ್ಲೆಂಡಿನಲ್ಲಿ 1973ರಲ್ಲಿ ಬಂದ ರಿಲಯಂಟ್ ರಾಬಿನ್ ಎಂಬ ಮೂರು ಚಕ್ರದ ಕಾರನ್ನು ಅಲ್ಲಿಯ ಜನ ಇವತ್ತಿಗೂ ಇದೇ ಕಾರಣಕ್ಕೆ ತಮಾಷೆ ಮಾಡುತ್ತಾರೆ. ಇದು ಮೂರು ಚಕ್ರದ ಗುಣ. ಇದೇ ಗುಣದ ಇನ್ನೊಂದು ಮುಖ ಅಂದರೆ ಬಸವಕಲ್ಯಾಣದ ಕೋಟೆ ಕಡೆಯ ಕಿರಿದಾದ ಓಣಿಗಳಲ್ಲಿ ಟಂಟಂ ಸಲೀಸಾಗಿ ತಿರುಗುತ್ತದೆ, ಬೆಲೆಯೂ ಕಾರಿಗಿಂತ ಕಡಿಮೆ. ಲಾಭ ನಷ್ಟ ಎರಡೂ ಗೊತ್ತಿದ್ದೇ ಕೊಂಡಿರುತ್ತೇವೆ. ಗುಣಕ್ಕೆ ಹೊಂದಿಕೊಳ್ಳುವುದು ಕಲಿಕೆ.

ಹಿಂದಿನ ಒಂದು ಚಕ್ರದ ಬ್ರೇಕ್ ಹಿಡಿಯದೇ ಇರುವುದು ಆ ಗಾಡಿಯ ದೋಷ. ಅದಕ್ಕೆ ನಾವು ದುಡ್ಡು ಕೊಟ್ಟಿರಲಿಲ್ಲ. ನಮ್ಮ ತಪ್ಪು ಏನೆಂದರೆ ದೋಷವನ್ನು ಗುಣದ ಖಾತೆಗೆ ಬರೆದುಬಿಡುತ್ತೇವೆ. "ಟಂಟಂ ಅಂದ್ರ ಹಾಂಗೇ ಇರ್ತದ."

ಗುಣಕ್ಕೂ ಒಂದು ಗಡಿ ಇದೆ ಅನ್ನಿ. ಅಮೆರಿಕದಲ್ಲಿ ಹೊಲ, ಮರಳುಗಾಡಿನಲ್ಲಿ ಓಡಿಸುವ ಮೂರು ಚಕ್ರದ ಮೋಟಾರ್ ಸೈಕಲ್ಲುಗಳು 1970ರಿಂದ ಭಾರಿ ಜನಪ್ರಿಯ ಆದವು. ಉರುಳಿ ಬಿದ್ದವರಲ್ಲಿ ಮಕ್ಕಳೂ ಬಹಳ ಇದ್ದರು. ಓಡಿಸುವವರು ಸರಿಯಾಗಿ ಕಲಿಯಬೇಕು ಅನ್ನುವ ವಾದ ಅಲ್ಲೂ ಇತ್ತು. ಕೊನೆಗೆ 1988ರಲ್ಲಿ ಅಲ್ಲಿನ ಸರ್ಕಾರದ ಜೊತೆ ಆದ ಒಪ್ಪಂದದಂತೆ ಪ್ರಮುಖ ಕಂಪನಿಗಳು ಅವುಗಳನ್ನು ಹೊಸದಾಗಿ ಮಾರುವುದನ್ನೇ ನಿಲ್ಲಿಸಿದವು. ಚೆನ್ನಾಗಿ ಓಡಿಸಬಲ್ಲ ನೂರು ಜನ ಇದ್ದರೂ, ಓಡಿಸಲು ಬಾರದ ಮಗುವಿನ ಲೆಕ್ಕವನ್ನೂ ಯಾರಾದರೂ ಇಡಲೇಬೇಕಲ್ಲ.

ನೀವು ಕೇಳಬಹುದು, ನಮ್ಮ ಅಪ್ಪ ಅವ್ವ ಇಂಥ ನೂರೆಂಟು ಐಬುಗಳ ಜೊತೆ ಬದುಕಿಲ್ಲವೇ? ಬದುಕಿದ್ದಾರೆ. ನಮ್ಮಪ್ಪನ ಹತ್ತಿರ ಒಂದು ಎತ್ತು ಇತ್ತು, ನೊಗಕ್ಕೆ ಹೂಡಿದರೆ ಯಾವಾಗಲೂ ಎಡಕ್ಕೆ ಜಗ್ಗುವುದು. ಅಪ್ಪ ಅದನ್ನು ಮಾರಲಿಲ್ಲ, ಹನ್ನೊಂದು ವರ್ಷ ಅದರ ಜೊತೆಗೇ ಹೊಲ ಮಾಡಿದ. ಆದರೆ ಎತ್ತಿಗೂ ಅಪ್ಪನ ಅಭ್ಯಾಸಗಳು ಗೊತ್ತಿದ್ದವು. ಅಪ್ಪನಿಗೆ ಮೈ ಸರಿಯಿಲ್ಲದ ದಿನ ಅದು ನಿಧಾನ ನಡೆಯುತ್ತಿತ್ತು. ಗಂಡ ಹೆಂಡತಿ, ಅಣ್ಣ ತಮ್ಮ, ದನ ಕರು, ಇವರೆಲ್ಲರ ಜೊತೆ ಹೊಂದಿಕೊಂಡರೆ ಅವರೂ ನಮಗೆ ಒಂದಿಷ್ಟು ಹೊಂದಿಕೊಳ್ಳುತ್ತಾರೆ. ಸೋರುವ ಬ್ರೇಕ್ ಸಿಲಿಂಡರ್ ಹಾಗೆ ಮಾಡುವುದಿಲ್ಲ. ಅಲ್ಲಿ ಬಗ್ಗುವವರು ನಾವೊಬ್ಬರೇ.

ಮತ್ತೊಂದು ವಿಷಯ. ಹೊಂದಿಕೊಳ್ಳುವವರು ಯಾವಾಗಲೂ ಒಂದೇ ಕಡೆಯವರು ಯಾಕೆ? "ಅಡ್ಜಸ್ಟ್ ಮಾಡ್ಕೋರಿ" ಅನ್ನುವ ಮಾತನ್ನು ನಮ್ಮ ಭಾಗ ಬಹಳ ವರ್ಷ ಕೇಳಿದೆ. ಹಿಂದುಳಿದದ್ದನ್ನೇ ನಮ್ಮ ಗುಣ ಅಂತ ಒಪ್ಪಿಕೊಂಡು ಕೂತಿದ್ದರೆ ಸಂವಿಧಾನದ 98ನೇ ತಿದ್ದುಪಡಿ ಆಗುತ್ತಿರಲಿಲ್ಲ, 371(ಜೆ) ಬರುತ್ತಿರಲಿಲ್ಲ. ನಾನು ಓದು ಮುಗಿಸಿದ ಮೇಲೆ ಅದು ಬಂತು, ನನ್ನ ತಂಗಿಗೆ ಅದರಡಿಯಲ್ಲಿ ಸೀಟು ಸಿಕ್ಕಿತು. ಯಾರೋ ಒಂದಿಷ್ಟು ಜನ ನಡೀತದ ಬಿಡು ಅನ್ನಲು ಒಪ್ಪದೇ ಇದ್ದದ್ದರ ಫಲ ಅದು.

ದೂರು ಕೊಡುವುದು ನನಗೊಬ್ಬನಿಗೆ ಸಂಬಂಧಿಸಿದ ವಿಷಯ ಅಂತಲೂ ನಾವು ಅಂದುಕೊಳ್ಳುತ್ತೇವೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಲ್ಲಿ, ಅಪಾಯಕಾರಿ ದೋಷ ಇರುವ ಒಂದು ಮಾದರಿಯ ವಾಹನಗಳನ್ನೆಲ್ಲ ವಾಪಸ್ ಕರೆಸುವಂತೆ ಕಂಪನಿಗೆ ಆದೇಶಿಸುವ ಅಧಿಕಾರ ಕೇಂದ್ರ ಸರ್ಕಾರಕ್ಕೆ ಇದೆ. ಅದಕ್ಕೆ ಒಂದು ದಾರಿ ಎಂದರೆ ಆ ಮಾದರಿಯ ಇಂತಿಷ್ಟು ಪ್ರಮಾಣದ ಮಾಲೀಕರು ದೋಷವನ್ನು ವರದಿ ಮಾಡುವುದು. ಅಂದರೆ ನನ್ನ ತಮ್ಮನಂಥ ಜಾಣ ಡ್ರೈವರುಗಳು ಬಾಯಿ ಮುಚ್ಚಿಕೊಂಡು ರಬ್ಬರ್ ಪಟ್ಟಿ ಬಿಗಿದಷ್ಟೂ ಆ ಲೆಕ್ಕ ಕಡಿಮೆ ಆಗುತ್ತದೆ. ನಾಳೆ ಅದೇ ಗಾಡಿ ಕೊಳ್ಳುವ ಇನ್ನೊಬ್ಬ ಹುಡುಗನಿಗೆ ಗೊತ್ತಾಗುವುದಾದರೂ ಹೇಗೆ? ನಾವು ಸಹಿಸಿಕೊಂಡದ್ದನ್ನು ಅವನಿಗೂ ಕೇಳದೇ ದಾಟಿಸಿರುತ್ತೇವೆ.

ಹಾಗಂತ ತಮ್ಮನನ್ನು ಬೈಯುವ ಯೋಗ್ಯತೆ ನನಗಿಲ್ಲ. ಎರಡು ದಿನದ ದುಡಿಮೆ ಬಿಡುವುದು ಅವನಿಗೆ ಎಷ್ಟು ಭಾರ ಅಂತ ಗೊತ್ತಿದ್ದವನು ನಾನು. ಆ ಎರಡು ದಿನದ ಹಣ ನಾನು ಕಳಿಸಬಹುದಿತ್ತು, ಬೆಂಗಳೂರಿನಲ್ಲಿ ಒಂದು ಶನಿವಾರದ ಊಟಕ್ಕೆ ಅದಕ್ಕಿಂತ ಹೆಚ್ಚು ಬಿಲ್ಲು ಆಗುತ್ತದೆ. ಕಳಿಸಲಿಲ್ಲ, ಯಾಕೆಂದರೆ ಅವನ ಜಾಣತನ ನೋಡಿ ಖುಷಿಪಡುವುದರಲ್ಲಿದ್ದೆ. ಬಡವರ ಜುಗಾಡನ್ನು ಹೊಗಳುವುದು ನಮ್ಮಂಥವರಿಗೆ ಬಹಳ ಅಗ್ಗದ ಸಂತೋಷ.

ಅಷ್ಟೇ ಅಲ್ಲ, ನನ್ನ ಹೊಟ್ಟೆಪಾಡೂ ಇದೇ. ನಾವು ಮಾಡುವ ಪ್ರತಿ ರಿಲೀಸಿನ ಜೊತೆ 'ಗೊತ್ತಿರುವ ಸಮಸ್ಯೆಗಳು' ಅಂತ ಒಂದು ಪಟ್ಟಿ ಇರುತ್ತದೆ. ಆ ವಾರ ನಮ್ಮ ಪಟ್ಟಿಯಲ್ಲಿ ಒಂದು ಸಾಲು ಹೀಗಿತ್ತು: ನೆಟ್‌ವರ್ಕ್ ನಿಧಾನ ಇದ್ದಾಗ ಬಟನ್ ಎರಡು ಸಲ ಒತ್ತಿದರೆ ಎರಡು ಸಲ ಹಣ ಕಟ್ ಆಗಬಹುದು. ಪರಿಹಾರದ ಕಾಲಮ್ಮಿನಲ್ಲಿ, ಬಳಕೆದಾರರು ಎರಡು ಸಲ ಒತ್ತಬಾರದು. ಬರೆದವನು ನಾನೇ. ನೆಟ್‌ವರ್ಕ್ ಎಲ್ಲಿ ನಿಧಾನ ಇರುತ್ತದೆ ಅಂತ ಹುಮನಾಬಾದ್ ತಾಲೂಕಿನ ಹಳ್ಳಿಯಲ್ಲಿ ಬೆಳೆದವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಸೋಮವಾರದ ಮೀಟಿಂಗಿನಲ್ಲಿ ಅದನ್ನು ಸರಿ ಮಾಡದೇ ಬಿಡುವುದು ಬೇಡ ಅಂದೆ. ರಿಲೀಸು ಒಂದು ವಾರ ಮುಂದೆ ಹೋಯಿತು. ಮ್ಯಾನೇಜರ್ ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ.

ಬಸವಕಲ್ಯಾಣಕ್ಕೆ ಹೋದಾಗಲೆಲ್ಲ ನನಗೆ ಅಂಬಿಗರ ಚೌಡಯ್ಯ ನೆನಪಾಗುತ್ತಾನೆ. 12ನೇ ಶತಮಾನದ ಶರಣ, ದೋಣಿ ನಡೆಸುವುದು ಅವನ ಕಾಯಕ. ದೋಣಿಯಲ್ಲಿ ಒಂದು ತೂತು ಇದ್ದು, ಹಿಮ್ಮಡಿಯಿಂದ ಅದನ್ನು ಒತ್ತಿಹಿಡಿದು ಹುಟ್ಟು ಹಾಕುವ ಚಾಕಚಕ್ಯತೆ ಅಂಬಿಗನಿಗೆ ಇರಬಹುದು. ಒಬ್ಬನೇ ಹೊಳೆ ದಾಟುವಾಗ ಅದು ಅವನ ಖುಷಿ. ದಡದಲ್ಲಿ ನಿಂತ ಮುದುಕಿಯನ್ನು ಹತ್ತಿಸಿಕೊಳ್ಳುವಾಗ ಅದೇ ಚಾಕಚಕ್ಯತೆ ಅವಳ ಮೇಲಿನ ಪ್ರಯೋಗ ಆಗುತ್ತದೆ. ಅವಳಿಗೆ ತೂತು ಇರುವುದು ಗೊತ್ತಿಲ್ಲ, ಒಪ್ಪಿಗೆಯನ್ನೂ ಯಾರೂ ಕೇಳಿಲ್ಲ. ನಾನು ಕಂಡುಕೊಂಡ ಉತ್ತರ ಇಷ್ಟೇ. ಐಬಿನ ಬೆಲೆ ನಾನೇ ಕಟ್ಟುವಂತಿದ್ದರೆ ಸಹಿಸಬಹುದು, ನಗಲೂಬಹುದು. ಬೇರೆಯವರು ಕಟ್ಟುವಂತಿದ್ದರೆ ಸಹಿಸಲು ನಾನು ಯಾರು?

ಮುಂದಿನ ವಾರ ಊರಿಗೆ ಹೋದೆ. ಮೊದಲು ಆ ಅಜ್ಜಿಯ ಮನೆಗೆ ಹೋದೆವು. ಆಸ್ಪತ್ರೆಯ ಖರ್ಚು ಕೊಟ್ಟೆವು, ಅಜ್ಜಿ ಚಹಾ ಮಾಡಿಸಿ ಕೊಟ್ಟಳು, ಒಂದು ಮಾತು ಬೈಯಲಿಲ್ಲ. "ಗಾಡಿ ಅಂದ್ರ ಬೀಳ್ತಾವಪ್ಪಾ" ಅಂದಳು. ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ ಇಬ್ಬರೂ ಶೋರೂಮಿಗೆ ಹೋಗಿ ಎಲ್ಲವನ್ನೂ ಬರೆದು ಕೊಟ್ಟು, ಸೀಲು ಹಾಕಿದ ಪ್ರತಿ ಇಸ್ಕೊಂಡೆವು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೋಷದಿಂದ ಆದ ಹಾನಿಗೆ ತಯಾರಿಸಿದವರೂ ಮಾರಿದವರೂ ಹೊಣೆ ಆಗಬಹುದು ಅಂತ ಮೆಲ್ಲಗೆ ಹೇಳಿದೆ. ಗಾಡಿ ಬಿಚ್ಚಿದರು. ಎಡಗಡೆಯ ಹಿಂದಿನ ಚಕ್ರದಲ್ಲಿ ಸಿಲಿಂಡರ್ ಸೋರಿ, ಲೈನರ್ ಪೂರ್ತಿ ಬ್ರೇಕ್ ಆಯಿಲ್ಲಿನಲ್ಲಿ ನೆನೆದಿತ್ತು. ವಾರಂಟಿಯಲ್ಲೇ ಬದಲಿಸಿದರು. ಗೇರಿನ ಕೇಬಲ್ಲೂ ಹೊಸದು ಹಾಕಿದರು. ಎರಡು ದಿನ ಹಿಡಿಯಿತು.

ವಾಪಸ್ ಬರುವಾಗ ರಾಜೇಶ್ವರದ ಹತ್ತಿರ ಮಳೆ ಹಿಡಿಯಿತು. ಗಾಜಿನ ಮೂಲೆಯಿಂದ ಟಪ್ ಟಪ್ ಅಂತ ನೀರು ಅವನ ಮೊಣಕಾಲ ಮೇಲೆ ಬೀಳತೊಡಗಿತು.

"ಇದನ್ನ ಹೇಳ್ಲೇ ಇಲ್ಲಲ್ಲೋ ತಮ್ಮಾ?"

"ಇದು ನನ್ನ ಮೊಣಕಾಲ ಮ್ಯಾಲಷ್ಟೇ ಬೀಳ್ತದ, ನಡೀತದ ಬಿಡಣ್ಣಾ" ಅಂದು, ಟವೆಲ್ ಮಡಚಿ ಕಾಲ ಮೇಲೆ ಹಾಕಿಕೊಂಡ.