ಎಣ್ಣೆ ಸಾಲ ಸಿಗಲ್ಲ

ಮತ್ತಾಯ 25ನೇ ಅಧ್ಯಾಯ ತೆಗೆಯಿರಿ.

ಹತ್ತು ಮಂದಿ ಕನ್ಯೆಯರು. ಮದಲಿಂಗ ಬರೋದು ತಡವಾಯ್ತು. ಯಾರು ನಿದ್ದೆ ಮಾಡಿದ್ರು? ಐದು ಜನ ಅಲ್ಲ, ಹತ್ತೂ ಜನ! ಬುದ್ಧಿವಂತೆಯರೂ ತೂಕಡಿಸಿದ್ರು. ಹಾಗಾದ್ರೆ ವ್ಯತ್ಯಾಸ ಎಲ್ಲಿ? ಎಣ್ಣೆಯಲ್ಲಿ.

ಇದು ನನಗೆ ದೊಡ್ಡ ಸಮಾಧಾನ. ನೈಟ್ ಶಿಫ್ಟ್ ಮುಗಿಸಿ, ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟಿ, ಬಿಟಿಎಂನ ಪಿಜಿಗೆ ಬಂದು ಬೀಳುವ ನಿಮ್ಮ ಆಯಾಸವನ್ನು ಕರ್ತನು ಬಲ್ಲನು. ಆತನು ಕೇಳೋದು ದಣಿದಿದ್ದೀಯಾ ಅಂತಲ್ಲ, ಎಣ್ಣೆ ಇದೆಯಾ ಅಂತ.

ಆದರೆ ಮಧ್ಯರಾತ್ರಿ ಕೂಗು ಕೇಳಿದಾಗ ಎಣ್ಣೆ ಸಾಲ ಸಿಗಲಿಲ್ಲ. ಊರಲ್ಲಿ ಅಮ್ಮ ನಿಮಗಾಗಿ ಉಪವಾಸ ಪ್ರಾರ್ಥನೆ ಮಾಡ್ತಾರೆ, ದೇವರಿಗೆ ಸ್ತೋತ್ರ. ಆದ್ರೆ ಅಮ್ಮನ ಎಣ್ಣೆಯಲ್ಲಿ ನಿಮ್ಮ ದೀಪ ಉರಿಯಲ್ಲ. ಭಾನುವಾರದ ಆರಾಧನೆಯ ಬಿಸಿಯೂ ಬುಧವಾರದವರೆಗೆ ಬರಲ್ಲ.

ಆಗಮನ ಕಾಲ ಅಂದ್ರೆ ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರ. ಪೆಂತೆಕೊಸ್ತ ಸಭೆಗಳಲ್ಲಿ ಅನೇಕರು ಅದನ್ನು ಆಚರಿಸಲ್ಲ. ಆದರೂ ಅದರ ಪ್ರಶ್ನೆ ನಮ್ಮದೇ: ಬಂದಾತನು ಮತ್ತೆ ಬರ್ತಾನೆ, ನಾವು ಸಿದ್ಧವಾ?

ಲೂಕನ ಸುವಾರ್ತೆಯಲ್ಲಿ 24 ಅಧ್ಯಾಯಗಳಿವೆ. ಡಿಸೆಂಬರ್ 1ರಿಂದ ದಿನಕ್ಕೊಂದು ಓದಿದ್ರೆ 24ರ ರಾತ್ರಿಗೆ ಮುಗಿಯುತ್ತೆ. ಬೆಳಿಗ್ಗೆ ರೀಲ್ಸ್ ತೆರೆಯುವ ಮುಂಚೆ ಓದಿ, ಮೊಣಕಾಲೂರಿ ಹತ್ತು ನಿಮಿಷ ಪ್ರಾರ್ಥಿಸಿ. ಮಾತು ಬಿಟ್ಟಿರುವ ರೂಮ್‌ಮೇಟ್ ಜೊತೆ ಈ ವಾರವೇ ಸಮಾಧಾನವಾಗಿ. ಪಾತ್ರೆ ತುಂಬೋದು ಹನಿಹನಿಯಾಗಿಯೇ. ಕರ್ತನು ನಿಮ್ಮನ್ನು ಬಲಪಡಿಸಲಿ. ಆಮೆನ್.